ಅಕ್ಕಿಗೆ ಕೊಟ್ಟ ಪಾವತಿ

ರೊಕ್ಕ ಕೇಳುವವಳು ಎಂದು ಮಾನ್ವಿಯಲ್ಲಿ ನನಗೆ ಹೆಸರು ಬಿದ್ದಿದೆ. ಬೀಳಲಿ. ನನ್ನ ಅಕ್ಕ ಅಲ್ಲಿ ಹೆರಿಗೆ ಡಾಕ್ಟರು. ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ ಅವಳದೊಂದು ಸಣ್ಣ ದವಾಖಾನೆ. ಕೆಳಗೆ ತಪಾಸಣೆ, ಮೇಲೆ ಹಾಸಿಗೆಗಳು, ಮೂಲೆಯಲ್ಲಿ ಔಷಧಿ ಅಂಗಡಿ. ಬಾಗಿಲ ಎದುರಿನ ಕೌಂಟರಿನಲ್ಲಿ ನಾನು. ಬಿಲ್ಲು ಬರೆಯುತ್ತೇನೆ, ರೊಕ್ಕ ತೆಗೆದುಕೊಳ್ಳುತ್ತೇನೆ, ಕೊಡದವರನ್ನು ಕೇಳುತ್ತೇನೆ. ಈ ಕೊನೆಯ ಕೆಲಸವನ್ನು ನನಗಿಂತ ಮೊದಲು ಅಲ್ಲಿ ಯಾರೂ ಮಾಡಿರಲಿಲ್ಲ.

ಇದನ್ನೆಲ್ಲ ಡೈರಿ ಪಕ್ಕಕ್ಕಿಟ್ಟುಕೊಂಡೇ ಬರೆಯುತ್ತಿದ್ದೇನೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಸಾಕ್ಷಿ ಇಲ್ಲದೆ ಯಾರ ನೆನಪನ್ನೂ ಪೂರ್ತಿ ನಂಬಬೇಡಿ ಎಂದು ರಾಯಚೂರಿನ ಕಾಲೇಜಿನಲ್ಲಿ ಹುಡುಗರಿಗೆ ಹೇಳಿಕೊಟ್ಟವಳು. ನನ್ನ ನೆನಪಿನಲ್ಲಿರುವ ನಾನು ಡೈರಿಯಲ್ಲಿರುವ ನನಗಿಂತ ಯಾವಾಗಲೂ ಸ್ವಲ್ಪ ಹೆಚ್ಚು ಧೈರ್ಯವಂತೆ. ಹಾಗಾಗಿ ಎರಡೂ ಬೇರೆಯಾಗುವ ಕಡೆ ಹೇಳಿಯೇ ಮುಂದೆ ಹೋಗುತ್ತೇನೆ.

ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಸೆಮಿಸ್ಟರ್ ಮುಗಿದರೆ ಪಗಾರವೂ ಮುಗಿಯುತ್ತದೆ. ಮತ್ತೆ ಕರೆಯುವವರೆಗೆ ಮನೆ. ಅಂಥದೊಂದು ಬಿಡುವಿನಲ್ಲಿ ಅಕ್ಕ ಫೋನ್ ಮಾಡಿದಳು.

"ಹಂಗೂ ಖಾಲಿ ಕುಂತೀದಿ. ಬಾ ಬೇ, ಸ್ವಲ್ಪ ದಿನ ಕೌಂಟರ್ ನೋಡ್ಕೋ."

"ಇತಿಹಾಸ ಓದ್ದಾಕಿ ನಾನು. ಲೆಕ್ಕ ನನಗೇನು ಬರ್ತದ?"

"ಹಳೇ ಬಾಕಿ ಎಲ್ಲಾ ಇತಿಹಾಸನ ಆಗ್ಯಾವ. ನಿನಗ ಹೊಂದ್ತದ, ಬಾ."

ನಗುತ್ತಲೇ ಹೇಳಿದ್ದಳು. ಹೋಗಿ ನೋಡಿದರೆ ನಗುವಂಥದ್ದು ಏನೂ ಇರಲಿಲ್ಲ. ರಾಯಚೂರಿನ ಔಷಧಿ ಸಗಟು ವ್ಯಾಪಾರಿ ಇನ್ನು ಉದ್ರಿ ಇಲ್ಲ, ಕೈಯಲ್ಲಿ ರೊಕ್ಕ ಇಟ್ಟರೆ ಮಾಲು ಎಂದಿದ್ದ. ನರ್ಸುಗಳ ಪಗಾರ ಹಿಂದೆ ಬಿದ್ದಿತ್ತು. ಅಕ್ಕನ ಮೇಜಿನ ಡ್ರಾವರಿನಲ್ಲಿ ರಾಯಚೂರಿನ ಒಂದು ದೊಡ್ಡ ಆಸ್ಪತ್ರೆಯವರು ಕಳಿಸಿದ ಕಾಗದವಿತ್ತು. ದವಾಖಾನೆಯನ್ನು ಅವರು ತೆಗೆದುಕೊಳ್ಳುತ್ತಾರೆ, ಬೋರ್ಡು ಬದಲಾಗುತ್ತದೆ, ಅಕ್ಕ ಅಲ್ಲಿಯೇ ಪಗಾರದ ಡಾಕ್ಟರಾಗಿ ಉಳಿಯಬಹುದು. ಆಪರೇಷನ್‌ಗೆ ಮಾತ್ರ ಇನ್ನು ಮೇಲೆ ರಾಯಚೂರಿಗೇ ಹೋಗಬೇಕು.

"ಯುಗಾದಿ ತನಕ ನೋಡ್ತೀನಿ," ಎಂದಳು. "ರೊಕ್ಕ ತಿರುಗಿದ್ರ ಸರಿ. ಇಲ್ಲಾಂದ್ರ ಸಹಿ ಮಾಡ್ತೀನಿ."

ಸಿರವಾರ, ಕವಿತಾಳದ ಕಡೆಯಿಂದ ಹೊಟ್ಟೆ ಹಿಡಿದುಕೊಂಡು ಬರುವ ಹೆಂಗಸರು ಮಾನ್ವಿ ಬಿಟ್ಟು ದೂರದ ರಾಯಚೂರಿನ ತನಕ ಹೋಗಬೇಕಾಗುತ್ತದೆ ಎಂದು ನಾನು ಆಗಲೇ ಯೋಚಿಸಿದೆ ಎನ್ನುವುದು ನನ್ನ ನೆನಪು. ಡೈರಿಯಲ್ಲಿ ಆ ಹೆಂಗಸರು ಇಲ್ಲ. "ಅಕ್ಕ ಬಹಳ ಇಳಿದು ಹೋಗಿದ್ದಾಳೆ, ಸೆಕೆ" ಎಂದಷ್ಟೇ ಇದೆ.

ಮೊದಲು ಸಣ್ಣ ತೂತುಗಳನ್ನು ಮುಚ್ಚಿದೆ. ತಪಾಸಣೆಯ ಫೀಸು ಒಳಗೆ ಹೋಗುವ ಮೊದಲೇ ಕೌಂಟರಿನಲ್ಲಿ ಕೊಡಬೇಕು. ಗೋಡೆಗೆ ಯುಪಿಐ ಸ್ಕ್ಯಾನರ್ ಅಂಟಿಸಿದೆ, ಚಿಲ್ಲರೆ ಇಲ್ಲ ಎನ್ನುವ ನೆಪ ಹೋಯಿತು. ಸರ್ಕಾರಿ ಯೋಜನೆಯಲ್ಲಿ ಆದ ಆಪರೇಷನ್‌ಗಳ ಬಿಲ್ಲುಗಳು ಪದೇ ಪದೇ ವಾಪಸ್ ಬರುತ್ತಿದ್ದವು. ಒಂದರಲ್ಲಿ ಅಕ್ಕನ ಸಹಿ ಇಲ್ಲ, ಇನ್ನೊಂದರಲ್ಲಿ ರೋಗಿಯ ಫೋಟೋ ಇಲ್ಲ. ಬಾಣಂತಿ ಮನೆಗೆ ಹೊರಡುವ ಮೊದಲು ಸಹಿ, ಫೋಟೋ, ಕಾರ್ಡು ಮೂರೂ ನನ್ನ ಕೈಗೆ ಬರಬೇಕೆಂದು ಹಟ ಹಿಡಿದೆ. "ಡಾಕ್ಟರ್‌ಗಿ ಸಹಿ ಮಾಡಾಕ ಕಲ್ಸಾಕ ಬಂದಾಳ ನೋಡ್ರಿ ಮೇಡಂ," ಎಂದು ಹಿರಿಯ ನರ್ಸು ಮೂಗು ಮುರಿದಳು. ಸಿಟ್ಟು ಮಾಡಿಕೊಂಡರೂ ಅಕ್ಕ ಸಹಿ ಮಾಡಿದಳು.

ದಿನದ ರೊಕ್ಕ ಸುಧಾರಿಸಿತು. ಆದರೆ ದೊಡ್ಡ ತೂತು ಬೇರೆ ಕಡೆ ಇತ್ತು. ಬಡವರು ಬಾಕಿ ಇಡುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಕೂಲಿ ಮಾಡುವವರು ಸೆರಗಿನ ಗಂಟು ಬಿಚ್ಚಿ ಆಗಿಂದಾಗಲೇ ಕೊಟ್ಟು ಹೋಗುತ್ತಾರೆ. ಹಳೆಯ ಬಾಕಿಯಲ್ಲಿ ಅರ್ಧಕ್ಕೂ ಹೆಚ್ಚು ಒಬ್ಬರೇ ಮನುಷ್ಯರ ಲೆಕ್ಕಕ್ಕೆ ಇತ್ತು. ಊರ ಹೊರಗೆ ಅವರದು ಅಕ್ಕಿ ಮಿಲ್ಲು. ಊರಿಗೆಲ್ಲ ಅವರು ಸಾಹುಕಾರರು. ಮಿಲ್ಲಿನ ಹಮಾಲರ ಹೆಂಡಿರೋ, ಭತ್ತ ಹರವುವ ಹೆಣ್ಣಾಳುಗಳೋ ದವಾಖಾನೆಗೆ ಹೊರಟರೆ ಅವರಿಗಿಂತ ಮೊದಲು ಸಾಹುಕಾರರ ಫೋನ್ ಬರುತ್ತಿತ್ತು. "ನಮ್ಮ ಮಂದಿ ಬರಾಕತ್ತಾರ, ಡಾಕ್ಟರಮ್ಮಾ. ನೋಡ್ಕೊಳ್ರಿ. ನನ್ನ ಲೆಕ್ಕಕ್ಕ ಹಚ್ಚಿರಿ." ಅಕ್ಕ ಹಚ್ಚುತ್ತಿದ್ದಳು. ವರ್ಷಗಟ್ಟಲೆ ಹಚ್ಚಿದ್ದಳು. ಒಂದು ಸಲವೂ ಬಿಲ್ಲು ಕಳಿಸಿರಲಿಲ್ಲ.

ಯಾಕೆಂದರೆ ಅಕ್ಕಿ. ಪ್ರತಿ ವರ್ಷ ದೀಪಾವಳಿ ಮುಂದೆ ಮಿಲ್ಲಿನ ಟಂಟಂ ಗಾಡಿ ದವಾಖಾನೆಯ ಎದುರು ನಿಲ್ಲುತ್ತಿತ್ತು. ವರ್ಷ ಹಳೆಯದಾದ ಸೋನಾ ಮಸೂರಿ, ಮಲ್ಲಿಗೆ ಮೊಗ್ಗಿನಂಥ ಅನ್ನವಾಗುವ ಅಕ್ಕಿ. ನಡುವೆ ಹಬ್ಬ, ಮದುವೆ ಬಂದರೆ ಮತ್ತೊಂದು ಚೀಲ. ನಮ್ಮ ಕಡೆ ಮಿಲ್ಲಿನವರು ಡಾಕ್ಟರಿಗೆ, ಮೇಷ್ಟ್ರಿಗೆ, ವಕೀಲರಿಗೆ ಹೀಗೆ ಅಕ್ಕಿ ಕಳಿಸುವುದು ಉಂಟು. ಬೇಡ ಎಂದರೆ ಅವರ ಮನೆಗೆ ಅವಮಾನ, ತೆಗೆದುಕೊಂಡರೆ ನಮ್ಮ ಬಾಯಿಗೆ ಬೀಗ. ಅಕ್ಕನ ಮನೆಯಲ್ಲಿ ರೊಕ್ಕ ಕೊಟ್ಟು ಅಕ್ಕಿ ತಂದದ್ದೇ ಇಲ್ಲ.

ನಾನು ಬಿಲ್ಲುಗಳನ್ನೆಲ್ಲ ಕೂಡಿಸಿಕೊಂಡು ಮಿಲ್ಲಿಗೆ ಹೋದೆ. ಸಾಹುಕಾರರು ಎದ್ದು ನಿಂತು ಬರಮಾಡಿಕೊಂಡರು.

"ಬಾ ತಂಗಿ, ಕುಂದ್ರು. ಕಾಲೇಜಿನ್ಯಾಗ ಪಾಠ ಹೇಳ್ತಿದ್ದಿ ಅಲ್ಲ? ಏ, ಚಾ ತರ್ರೋ! ಡಾಕ್ಟರಮ್ಮ ಹೆಂಗಿದ್ದಾಳ? ನನ್ನ ಮಗಳಿದ್ದಂಗ ಆಕಿ. ಅಕ್ಕಿ ಹೆಂಗ ಅದ ಈ ಸಲದ್ದು?"

"ಚಲೋ ಅದ್ರಿ," ಎಂದೆ.

ಇಲ್ಲಿಂದ ಮುಂದೆ ನನಗೆ ನೆನಪಿರುವುದು ಹೀಗೆ: ಬಿಲ್ಲುಗಳನ್ನು ಮೇಜಿನ ಮೇಲಿಟ್ಟೆ, ಇಷ್ಟು ಬಾಕಿ ಇದೆ ಎಂದು ಸ್ಪಷ್ಟವಾಗಿ ಹೇಳಿದೆ, ಅವರು ನೋಡೋಣ ಎಂದರು. ಡೈರಿಯಲ್ಲಿ ಆ ದಿನ ಒಂದೇ ಸಾಲು: "ಮಿಲ್ಲಿಗೆ ಹೋಗಿದ್ದೆ. ಚಹಾ. ಎರಡು ಚೀಲ." ಬಾಕಿ ಕೇಳಲು ಹೋದವಳು ಎರಡು ಚೀಲ ಅಕ್ಕಿ ಹಾಕಿಸಿಕೊಂಡು ಆಟೋದಲ್ಲಿ ಬಂದಿದ್ದೆ. ಬಾಯಿಬಿಟ್ಟು ಕೇಳಿದೆನೋ, ಸುಮ್ಮನೆ ಬಿಲ್ಲುಗಳನ್ನು ಅಲ್ಲಿ ಬಿಟ್ಟು ಬಂದೆನೋ, ಈಗಲೂ ಖಚಿತವಿಲ್ಲ. ಅಕ್ಕನಿಗಂತೂ ಅನುಮಾನವೇ ಇರಲಿಲ್ಲ.

"ನೀ ಕೇಳಿಲ್ಲ ಬಿಡು," ಎಂದಳು, ಚೀಲ ನೋಡುತ್ತ. "ಕೇಳಿದಾಕಿಗಿ ಯಾರರ ಅಕ್ಕಿ ಕೊಡ್ತಾರೇನು?"

ಮೇಲಿಂದ ಮೇಲೆ ಫೋನ್ ಮಾಡಿದೆ. ಸಾಹುಕಾರರು ಹೈದರಾಬಾದಿಗೆ ಹೋಗಿದ್ದಾರೆ ಎಂದೋ, ಊಟಕ್ಕೆ ಕೂತಿದ್ದಾರೆ ಎಂದೋ ಗುಮಾಸ್ತ ಹೇಳುತ್ತಿದ್ದ. ಆಗ ನನಗೊಂದು ದಾರಿ ಹೊಳೆಯಿತು. ಚಿಕಿತ್ಸೆ ಪಡೆದವರು ಮಿಲ್ಲಿನ ಕೆಲಸದವರು ತಾನೇ, ಅವರನ್ನೇ ಕೇಳೋಣ, ಸ್ವಲ್ಪಸ್ವಲ್ಪವಾಗಿ ಕೊಡಲಿ. ಬಾಕಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಒಬ್ಬ ಹಮಾಲನ ಹೆಂಡತಿಯ ಸಿಜೇರಿಯನ್ ಹೆರಿಗೆಯದು. ಬಾಣಂತನಕ್ಕೆಂದು ದೇವದುರ್ಗದ ಅತ್ತೆಯ ಮನೆಗೆ ಹೋದವಳು ಅಲ್ಲೇ ಇದ್ದಳು. ಸಿರವಾರದಲ್ಲಿ ಬಸ್ಸು ಬದಲಿಸಿ ಹೋದೆ.

ಅಂಗಳದಲ್ಲಿ ಅವಳ ಅತ್ತೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದಳು. ಸೊಸೆ ಬಾಗಿಲಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಯಾರೆಂದು ಹೇಳಿದೆ. ಮುದುಕಿ ಚಾಪೆ ಹಾಸಿದಳು, ನೀರು ಕೊಟ್ಟಳು. ಬಂದ ಕಾರಣ ಹೇಳಿದೆ. ಅವಳ ಕೈ ನಿಂತಿತು.

"ಏನಂದಿ?"

"ಹೆರಿಗಿದು ಬಾಕಿ ಅದ, ಯವ್ವಾ. ಒಮ್ಮಿಗೇ ಬ್ಯಾಡ. ತಿಂಗಳಾ ಒಂದಿಷ್ಟು ಕೊಡ್ರಿ."

"ಯಾರ ಬಾಕಿ? ನನ್ನ ಮಗನ ಪಗಾರದಾಗ ವಾರಾ ವಾರಾ ಮುರ್ಕೊಂಡಾರ ಮಿಲ್ಲಿನ್ಯಾಗ. ಡಾಕ್ಟರ್ ರೊಕ್ಕ, ಡಾಕ್ಟರ್ ರೊಕ್ಕ ಅಂತ ಹೇಳೇ ಮುರ್ಕೊಂಡಾರ. ಮುಗಿಯೋತನಕ ಹಬ್ಬಕ್ಕ ಅವಗೊಂದು ಅಂಗಿ ತರ್ಲಿಲ್ಲ ನಾವು. ನೀ ಈಗ ಬಂದು ಮತ್ತ ಕೇಳ್ತೀಯೇನು?"

ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಬಂದು ನಿಂತಿದ್ದರು. ಮುದುಕಿ ಅವರ ಕಡೆ ತಿರುಗಿದಳು.

"ಕೇಳ್ರಿಲ್ಲೆ! ಕೂಸು ಹುಟ್ಟಿದ್ದು ಒಂದ. ರೊಕ್ಕ ಎರಡು ಸಲ. ಇನ್ನೊಂದು ಕೂಸು ಎಲ್ಲಿಟ್ಟೀರಿ ಬೇ? ತಂದು ಕೊಡ್ರಿ ಹಂಗಾರ!"

ಅವರೆಲ್ಲ ನಕ್ಕರು ಎಂದು ನನಗೆ ನೆನಪು. ಡೈರಿಯಲ್ಲಿ ನಗುವಿಲ್ಲ. ಮುದುಕಿಯ ಆ ಮಾತು ಮಾತ್ರ ಅವಳು ಆಡಿದ ಹಾಗೆಯೇ ಇದೆ, ಬಸ್ಸಿನಲ್ಲಿ ಬರೆದದ್ದಕ್ಕೆ ಅಕ್ಷರಗಳು ಕುಣಿದಿವೆ. ಬಾಗಿಲಲ್ಲಿದ್ದ ಸೊಸೆ "ಇರ್ಲಿ ಬಿಡು ಅತ್ತಿ, ಅವರಿಗೇನು ಗೊತ್ತು," ಎಂದಳು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಬಿಲ್ಲಿನ ಪ್ರತಿಯನ್ನು ತಿರುವಿ ಅದರ ಹಿಂದೆ "ಇವರದು ಏನೂ ಬಾಕಿ ಇಲ್ಲ" ಎಂದು ಬರೆದು ಸಹಿ ಮಾಡಿ ಮುದುಕಿಯ ಕೈಗೆ ಕೊಟ್ಟೆ. ಅಕ್ಕನನ್ನು ಕೇಳಲಿಲ್ಲ. ಮಿಲ್ಲು ಕೊಡದಿದ್ದರೆ ಆ ರೊಕ್ಕ ಅಲ್ಲಿಗೆ ಮುಳುಗಿದಂತೆಯೇ.

ಮುದುಕಿ ಕಾಗದ ತಿರುವಿ ತಿರುವಿ ಮೊಹರು ಹುಡುಕಿದಳು. "ಸಿಕ್ಕಾ ಎಲ್ಲದ?"

"ಸಿಕ್ಕಾ ತಂದಿಲ್ಲ ಯವ್ವಾ. ದವಾಖಾನ್ಯಾಗ ಅದ."

"ಸಿಕ್ಕಾ ಇಲ್ಲದ ಕಾಗದ ಒಲಿಗೆ ಹಚ್ಚಾಕ ಚಲೋ," ಎಂದಳು. ಆದರೂ ಮಡಚಿ ಸೆರಗಿಗೆ ಕಟ್ಟಿಕೊಂಡಳು.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಕೈ ತೊಳೆದುಕೊಳ್ಳುತ್ತಿದ್ದಳು. ತೊಳೆಯುತ್ತಲೇ ಇದ್ದಳು.

"ಗುಮಾಸ್ತ ಮುರ್ಕೊಂಡಿರ್ಬೇಕು. ಸಾವ್ಕಾರ್ರಿಗಿ ಗೊತ್ತಿರಂಗಿಲ್ಲ."

"ಗೊತ್ತಿದ್ರೂ ಇಲ್ಲದಿದ್ರೂ ರೊಕ್ಕ ಅವರ ಪೆಟ್ಟಿಗ್ಯಾಗನ ಅದ. ನಿನ್ನ ಕಡಿ ಬಂದಿಲ್ಲ."

"ಅವರ ಅಕ್ಕಿ ಉಂಡೀವಿ ನಾವು. ಉಂಡ ಮನಿ ಜಂತಿ ಎಣಿಸಬಾರ್ದು."

"ಜಂತಿ ಎಣಿಸಂಗಿಲ್ಲ, ಅಕ್ಕಾ. ಉಂಡ ಅಕ್ಕಿ ಎಣಿಸ್ತೀನಿ."

ಈ ಮಾತು ಆಗಲೇ ಹೇಳಿದೆನೋ, ಆಮೇಲೆ ನನಗೆ ನಾನೇ ಕೊಟ್ಟುಕೊಂಡೆನೋ ಗೊತ್ತಿಲ್ಲ. ಮಾಡಿದ್ದು ಮಾತ್ರ ನಿಜ. ಯಾವ ವರ್ಷ ಎಷ್ಟು ಅಕ್ಕಿ ಬಂತು ಎಂದು ಯಾರೂ ಬರೆದಿಟ್ಟಿರಲಿಲ್ಲ. ಅಕ್ಕ ಹೇಳಿದ ಲೆಕ್ಕ ಒಂದು, ಹಿರಿಯ ನರ್ಸು ಹೇಳಿದ್ದು ಅದಕ್ಕಿಂತ ಹೆಚ್ಚು. ಆದರೆ ದವಾಖಾನೆಯಲ್ಲಿ ಖಾಲಿ ಚೀಲ ಬಿಸಾಡುವ ರೂಢಿ ಇಲ್ಲ. ಮೆಟ್ಟಿಲ ಕೆಳಗೆ ಹಳೆಯ ಕೇಸ್ ಪೇಪರುಗಳನ್ನು ತುಂಬಿಟ್ಟದ್ದು ಆ ಮಿಲ್ಲಿನ ಚೀಲಗಳಲ್ಲೇ. ಜನರೇಟರಿಗೆ ಹೊದಿಸಿದ್ದು ಅವನ್ನೇ ಹೊಲಿದು. ಮಹಡಿಯಲ್ಲಿ ನೀರಿನ ಟ್ಯಾಂಕಿನ ಬಿರುಕಿಗೆ ಕಟ್ಟಿದ್ದೂ ಅದೇ. ಧೂಳಿನಲ್ಲಿ ಸೀನುತ್ತ ಒಂದೊಂದಾಗಿ ಎಣಿಸಿದೆ. ನಾನು ಓದಿದ ವಿದ್ಯೆ ಕೊನೆಗೂ ಒಂದು ಕೆಲಸಕ್ಕೆ ಬಂತು. ಹರಿದು ಹೋದವು ಇದ್ದೇ ಇರುತ್ತವೆ ಎಂದುಕೊಂಡು ನರ್ಸು ಹೇಳಿದ ಹೆಚ್ಚಿನ ಲೆಕ್ಕವನ್ನೇ ಹಿಡಿದೆ. ಅನುಮಾನ ಬಂದಲ್ಲೆಲ್ಲ ಸಾಹುಕಾರರ ಕಡೆಗೇ ಬಿಟ್ಟೆ.

ಅಷ್ಟೂ ಅಕ್ಕಿಗೆ ಪೇಟೆಯ ಧಾರಣೆ ಹಾಕಿದೆ. ದವಾಖಾನೆಯ ಪಾವತಿ ಪುಸ್ತಕದಲ್ಲಿ, ಅಂದರೆ ರಸೀದಿ ಪುಸ್ತಕದಲ್ಲಿ, ಮಿಲ್ಲಿನ ಹೆಸರಿಗೆ ಪಾವತಿ ಬರೆದೆ: ಚಿಕಿತ್ಸೆಯ ಬಾಬ್ತು ಅಕ್ಕಿಯ ರೂಪದಲ್ಲಿ ಬಂದದ್ದು, ಇಷ್ಟು. ಕೆಳಗೆ ಉಳಿದ ಬಾಕಿ, ಇಷ್ಟು. ಈ ಸಲ ಸಿಕ್ಕಾ ಹೊಡೆದೆ. ಅಕ್ಕ ನೋಡುತ್ತ ನಿಂತಿದ್ದಳು. ಬೇಡ ಎನ್ನಲಿಲ್ಲ.

ಮಿಲ್ಲಿನ ಅಂಗಳದಲ್ಲಿ ಲಾರಿಗೆ ಚೀಲ ಏರಿಸುತ್ತಿದ್ದರು. ಸಾಹುಕಾರರು ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಕೂಡಲಿಲ್ಲ. ಚಹಾ ಬೇಡ ಎಂದೆ. ಪಾವತಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು.

"ಅಕ್ಕಿಗಿ ಪಾವ್ತಿ ಬರ್ದೀಯೇನು ತಂಗಿ?" ಅವರ ದನಿ ಏರಲಿಲ್ಲ. "ಇಷ್ಟು ವರ್ಷದಾಗ ಯಾರೂ ಹಿಂಗ ಮಾಡಿಲ್ಲ. ನಾ ಅದನ್ನ ಪ್ರೀತಿಲಿ ಕಳ್ಸಿದ್ದು."

"ಪ್ರೀತಿಲಿ ಕಳ್ಸಿದ್ರ ಹರಿದು ಹಾಕ್ರಿ ಸಾವ್ಕಾರ್ರ. ಆಗ ಬಾಕಿ ಪೂರಾ ಉಳೀತದ. ಲೆಕ್ಕಕ್ಕ ಕಳ್ಸಿದ್ರ ಇಟ್ಕೊಳ್ರಿ, ಅಷ್ಟು ಕಳೀತದ. ಯಾವ್ದು ಅಂತ ನೀವ ಹೇಳ್ರಿ, ಹಂಗ ಹಚ್ಚತೀನಿ."

ಇದನ್ನು ಹೇಳಿದ್ದು ನಿಜ. ಡೈರಿಯಲ್ಲಿದೆ, ಕೆಳಗೆ ಗೆರೆ ಎಳೆದಿದ್ದೇನೆ. ನೆಲ ನೋಡುತ್ತ ಹೇಳಿದೆ ಎನ್ನುವುದೂ ಅದರ ಪಕ್ಕದಲ್ಲೇ ಇದೆ, ಅದನ್ನು ನಾನು ಮರೆತೇ ಬಿಟ್ಟಿದ್ದೆ.

"ಇನ್ನೊಂದ್ರಿ," ಎಂದೆ. "ಹಮಾಲರ ಪಗಾರದಾಗ ಡಾಕ್ಟರ್ ರೊಕ್ಕ ಅಂತ ಮುರ್ಕೊಂಡದ್ದು ನಮ್ಮ ತನಕ ಬಂದಿಲ್ಲ."

ಲಾರಿಯ ಹತ್ತಿರ ಚೀಲದ ಸದ್ದು ನಿಂತಿತು. ಸಾಹುಕಾರರು ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ಲಾರಿಯ ಕಡೆ ನೋಡಿದ.

"ನಾಳಿಯಿಂದ ನಮ್ಮ ಮಂದಿ ನಿಮ್ಮ ದವಾಖಾನಿಗಿ ಬರಂಗಿಲ್ಲ," ಎಂದರು ಸಾಹುಕಾರರು.

"ಬರೋದು ಬಿಡೋದು ಅವರಿಗಿ ಬಿಟ್ಟದ್ರಿ. ಬಂದ್ರ ಬಿಲ್ಲು ಅವರ ಕೈಯಾಗನ ಕೊಡ್ತೀವಿ. ಫೋನ್ ಮ್ಯಾಲ ಲೆಕ್ಕ ಇನ್ನ ಇಲ್ಲ."

ಅವರು ಹೇಳಿದ್ದನ್ನು ನಡೆಸಿದರು. ಮಿಲ್ಲಿನ ಕಡೆಯಿಂದ ಒಬ್ಬರೂ ಬರಲಿಲ್ಲ. ಬೇರೆ ಮಿಲ್ಲಿನವರೂ ಕಡಿಮೆಯಾದರು. ಕೌಂಟರಿನ ಎದುರಿನ ಬೆಂಚು ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತು. ಯುಗಾದಿ ಹತ್ತಿರ ಬರುತ್ತಿತ್ತು. ಅಕ್ಕ ಒಂದು ದಿನ ಡ್ರಾವರಿನಿಂದ ಆ ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು, ಮೇಲೊಂದು ಪೆನ್ನು.

"ನೋಡಿದೇನು ನಿನ್ನ ಪಾವ್ತಿ ಪ್ರತಾಪ?"

"ಯುಗಾದಿ ಇನ್ನ ಬಂದಿಲ್ಲ," ಎಂದೆ. ಒಳಗೆ ನನಗೂ ಅಳುಕಿತ್ತು. ರೊಕ್ಕ ಬರಲೆಂದು ಮಾಡಿದೆನೋ, ದೇವದುರ್ಗದ ಆ ಅಂಗಳದಲ್ಲಿ ತಿಂದ ಮಾತಿಗೆ ಉತ್ತರ ಕೊಡಲೆಂದು ಮಾಡಿದೆನೋ, ಆ ದಿನಗಳ ಡೈರಿಯಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ರೀತಿಯಲ್ಲಿ ಇದೆ. ಈಗ ಕೇಳಿದರೆ ಎರಡಕ್ಕೂ ಎನ್ನುತ್ತೇನೆ. ಎರಡಕ್ಕೂ ನಾಚಿಕೆ ಇಲ್ಲ.

ಹಮಾಲರು ಕೇಳಿಸಿಕೊಂಡ ಮಾತು ಊರಲ್ಲಿ ತಿರುಗಿತ್ತೋ ಏನೋ, ಮಿಲ್ಲಿನ ಗುಮಾಸ್ತ ಒಂದು ಬೆಳಿಗ್ಗೆ ಬಂದ. ಕುಳಿತುಕೊಳ್ಳಲಿಲ್ಲ. ನಾನು ಕೊಟ್ಟ ಪಾವತಿಯನ್ನೂ ಅದಕ್ಕೆ ಪಿನ್ನು ಹಾಕಿದ ಚೆಕ್ಕನ್ನೂ ಕೌಂಟರಿನ ಮೇಲಿಟ್ಟ. ಪಾವತಿಯಲ್ಲಿ ನಾನು ಬರೆದ ಅಕ್ಕಿಯ ಧಾರಣೆಯನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿ ಅದಕ್ಕಿಂತ ಹೆಚ್ಚಿನದನ್ನು ಬರೆದಿದ್ದರು.

"ನಮ್ಮ ಅಕ್ಕಿ ಪ್ಯಾಟಿ ಅಕ್ಕಿ ಅಲ್ಲಂತ್ರಿ. ಹಳೇ ಅಕ್ಕಿ. ಅದರ ರೇಟ ಬ್ಯಾರೆ ಅಂತ ಹೇಳ್ಯಾರ. ಅದನ್ನ ಕಳದು ಉಳಿದದ್ದಕ್ಕ ಚೆಕ್ ಅದ."

ಪ್ರೀತಿಯೋ ಲೆಕ್ಕವೋ ಎನ್ನುವುದಕ್ಕೆ ಸಾಹುಕಾರರು ಉತ್ತರ ಕಳಿಸಿದ್ದರು. ಅವರ ರೇಟನ್ನೇ ಒಪ್ಪಿಕೊಂಡೆ. ಚೌಕಾಸಿ ಮಾಡಲಿಲ್ಲ. ಅಷ್ಟು ಬಿಟ್ಟರೂ ಸಗಟು ವ್ಯಾಪಾರಿಯ ಬಾಯಿ ಮುಚ್ಚುವಷ್ಟು, ನರ್ಸುಗಳ ಪಗಾರ ಕೊಡುವಷ್ಟು ಇತ್ತು. ಅಕ್ಕ ಚೆಕ್ಕನ್ನು ನೋಡಿದ್ದಕ್ಕಿಂತ ಆ ಕೆಂಪು ಗೀಟನ್ನೇ ಹೆಚ್ಚು ಹೊತ್ತು ನೋಡಿದಳು.

"ಮಗಳಿದ್ದಂಗ ಅಂತಿದ್ರು," ಎಂದಳು.

ಚೆಕ್ಕು ಹಳೆಯ ಗುಂಡಿಯನ್ನಷ್ಟೇ ಮುಚ್ಚಿತು. ನಾಳೆಯಿಂದ ಯಾರು ಬರುತ್ತಾರೆ? ಪೆನ್ನು ಕಾಗದದ ಮೇಲೆ ಹಾಗೆಯೇ ಇತ್ತು.

ಯುಗಾದಿಗೆ ಕೆಲವೇ ದಿನ ಇದ್ದಾಗ, ಬಿಸಿಲು ಏರುವ ಹೊತ್ತಿಗೆ, ದೇವದುರ್ಗದ ಆ ಮುದುಕಿ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ತುಂಬು ಬಸುರಿಯೊಬ್ಬಳು, ಅವಳ ಹಿಂದೆ ಇನ್ನಿಬ್ಬರು ಹೆಂಗಸರು, ಬಸ್ಸಿನ ಧೂಳು ಮೈಮೇಲೆ ಹಾಗೇ ಇತ್ತು. ಫೋನ್ ಯಾರೂ ಮಾಡಿರಲಿಲ್ಲ. ಮುದುಕಿ ನೆಟ್ಟಗೆ ಕೌಂಟರಿಗೆ ಬಂದು ಸೆರಗಿನ ಗಂಟು ಬಿಚ್ಚಿದಳು. ನಾನು ರೊಕ್ಕ ತೆಗೆಯುತ್ತಾಳೆ ಎಂದುಕೊಂಡೆ. ತೆಗೆದದ್ದು ಆ ಕಾಗದ.

"ಸಿಕ್ಕಾ ಹೊಡಿ," ಎಂದಳು.

ಹೊಡೆದೆ. ಬೆಳಕಿಗೆ ಹಿಡಿದು ನೋಡಿದಳು, ಉಫ್ ಎಂದು ಊದಿ ಒಣಗಿಸಿದಳು, ಮಡಚಿದಳು.

"ಈಕಿ ನನ್ನ ತಂಗಿ ಮಗಳು. ಆ ಇಬ್ಬರು ನಮ್ಮ ಓಣಿಯವರು, ಅವರ ಗಂಡರೂ ಅದ ಮಿಲ್ಲಿನ್ಯಾಗ ದುಡೀತಾರ, ಅವರಿಗೂ ತೋರಿಸೋದದ. ಅವರವರ ಪಾವ್ತಿ ಅವರವರ ಕೈಯಾಗ ಕೊಡ್ಬೇಕು ಮತ್ತ. ಮಿಲ್ಲಿನ್ಯಾಗ ಯಾರಿಗೂ ಹೇಳಿ ಬಂದಿಲ್ಲ ನಾವು."

"ಫೀಸ್ ಮೊದ್ಲು ಕೊಡ್ಬೇಕ್ರಿ ಯವ್ವಾ," ಎಂದೆ.

"ಗೊತ್ತದ, ಗೊತ್ತದ. ರೊಕ್ಕ ಕೇಳಾಕ ನಮ್ಮ ಮನಿತನಕ ಬಂದಾಕಿ ನೀನು, ಇಲ್ಲಿ ಬಿಡ್ತೀಯೇನು?"

ಒಳಗಿನಿಂದ ಅಕ್ಕ ಹೊರಗೆ ಬಂದಿದ್ದಳು. ಬೆಂಚಿನ ಮೇಲೆ ಸಾಲಾಗಿ ಕುಳಿತ ಹೆಂಗಸರನ್ನು ನೋಡಿದಳು. ಒಳಗೆ ಹೋದಳು. ಡ್ರಾವರು ಮುಚ್ಚಿದ ಸದ್ದು ಕೇಳಿತು. ಆಮೇಲೆ ಮೊದಲನೆಯವಳನ್ನು ಕಳಿಸು ಎಂದು ಕೂಗಿದಳು.

ಆ ವರ್ಷ ಯುಗಾದಿಗೆ ಕಿರಾಣಿ ಅಂಗಡಿಯಿಂದ ಅಕ್ಕಿ ತಂದೆವು. ಅನ್ನ ಸ್ವಲ್ಪ ಮುದ್ದೆಯಾಗಿತ್ತು. ಇದೇನು ಅಕ್ಕಿಯೋ ಗೋಂದೋ ಎಂದು ಅಕ್ಕ ಗೊಣಗಿದಳು. ಎರಡನೆಯ ಸಲ ಬಡಿಸಿಕೊಂಡು ಉಂಡಳು. ಇದೂ ಡೈರಿಯಲ್ಲಿದೆ.